ಜನಪ್ರಿಯ ಹಾಡುಗಳ ಪಟ್ಟಿಯನ್ನು ಓದುವ ಬಗೆ

ಒಂದು ಹಾಡು ಮೊದಲ ಸ್ಥಾನಕ್ಕೇರಿದೆ ಎಂಬ ಸುದ್ದಿ ಕಂಡಾಗ, ಪಟ್ಟಿ ಮಾಡಿದವರು ಎಣಿಸಿದ್ದು ಏನನ್ನು ಎಂದು ಮೊದಲು ವಿಚಾರಿಸಿ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರ ಆಗಸ್ಟಿನಲ್ಲಿ ಆರಂಭಿಸಿದ ‘ಹಾಟ್ 100’ ಇಂದು ಮಾರಾಟ, ರೇಡಿಯೊ ಪ್ರಸಾರ, ಸ್ಟ್ರೀಮಿಂಗ್ ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಬ್ರಿಟನ್ನಿನ ಅಧಿಕೃತ ಪಟ್ಟಿಯಲ್ಲಿ ರೇಡಿಯೊಗೆ ಜಾಗವಿಲ್ಲ. ಹಾಗಾಗಿ ಎರಡು ದೇಶಗಳ ‘ಮೊದಲ ಸ್ಥಾನ’ಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

ಎರಡನೆಯದಾಗಿ, ಲೆಕ್ಕ ಯಾರ ಕೈಯಿಂದ ಬಂದಿದೆ ಎಂದು ನೋಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ಬ್ರಿಟನ್ನಿನ ಮೊದಲ ಮಾರಾಟ ಪಟ್ಟಿಯನ್ನು 1952ರ ನವೆಂಬರ್ 14ರಂದು ಸಂಗೀತ ಪತ್ರಿಕೆ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪ್ರಕಟಿಸಿದಾಗ, ಆ ಪತ್ರಿಕೆಯ ಸಿಬ್ಬಂದಿ ಪರ್ಸಿ ಡಿಕಿನ್ಸ್ ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಬರೆದುಕೊಂಡು ಕೂಡಿಸಿದ್ದರು. ಅಮೆರಿಕದಲ್ಲೂ ದಶಕಗಳ ಕಾಲ ಅಂಗಡಿಯವರ ಹೇಳಿಕೆಯೇ ಆಧಾರವಾಗಿತ್ತು. ಗಲ್ಲಾದ ಹಿಂದೆ ನಿಂತವನು ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ನೆನಪಿನಿಂದ ಹೇಳುವಾಗ, ಅವನ ಸ್ವಂತ ಅಭಿರುಚಿಯೂ, ಮಾರಾಟವಾಗದೆ ಉಳಿದ ದಾಸ್ತಾನಿನ ಚಿಂತೆಯೂ, ರೆಕಾರ್ಡ್ ಕಂಪನಿಯ ಪ್ರತಿನಿಧಿ ಕೊಟ್ಟುಹೋದ ಉಡುಗೊರೆಯ ಋಣವೂ ಆ ಮಾತಿನೊಳಗೆ ನುಸುಳಬಹುದಿತ್ತು. 1991ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ತನ್ನ ಆಲ್ಬಂ ಪಟ್ಟಿಗೆ ಸೌಂಡ್‌ಸ್ಕ್ಯಾನ್ ಸಂಸ್ಥೆಯ ಲೆಕ್ಕವನ್ನು, ಅಂದರೆ ಗಲ್ಲಾದಲ್ಲಿ ಬಾರ್‌ಕೋಡ್ ಓದಿ ಎಣಿಸಿದ ಮಾರಾಟವನ್ನು, ಬಳಸತೊಡಗಿದಾಗ, ಕಂಟ್ರಿ (ಅಮೆರಿಕದ ಗ್ರಾಮೀಣ ಮೂಲದ ಸಂಗೀತ ಶೈಲಿ) ಮತ್ತು ರ‍್ಯಾಪ್ ಆಲ್ಬಂಗಳು ಏಕಾಏಕಿ ಮೇಲೇರಿದವು. ಕೇಳುಗರ ಅಭಿರುಚಿಯೇನೂ ಒಂದು ವಾರದಲ್ಲಿ ಬದಲಾಗಿರಲಿಲ್ಲ. ಮೊದಲಿನಿಂದಲೂ ಅವುಗಳನ್ನು ಕೊಳ್ಳುತ್ತಿದ್ದ ಜನ ಆಗ ಲೆಕ್ಕಕ್ಕೆ ಸಿಕ್ಕರು.

ಮುಂದೆ, ಹಾಡಿಗೆ ಪಟ್ಟಿ ಸೇರುವ ಅರ್ಹತೆ ಇತ್ತೇ ಎಂದು ಪರಿಶೀಲಿಸಿ. 1998ರ ಡಿಸೆಂಬರಿನವರೆಗೆ, ಬಿಡಿ ಹಾಡಾಗಿ ಮಾರಾಟಕ್ಕೆ ಬಾರದ ಗೀತೆಗೆ ‘ಹಾಟ್ 100’ರಲ್ಲಿ ಪ್ರವೇಶವಿರಲಿಲ್ಲ. ‘ನೋ ಡೌಟ್’ ತಂಡದ ‘ಡೋಂಟ್ ಸ್ಪೀಕ್’ ಬಿಲ್‌ಬೋರ್ಡಿನದೇ ರೇಡಿಯೊ ಪಟ್ಟಿಯಲ್ಲಿ 16 ವಾರ ಅಗ್ರಸ್ಥಾನದಲ್ಲಿದ್ದರೂ ‘ಹಾಟ್ 100’ರಲ್ಲಿ ಅದರ ಹೆಸರಿಲ್ಲ.

ಸ್ಟ್ರೀಮಿಂಗ್ ಕಾಲದ ಪಟ್ಟಿಯಾದರೆ ಪರಿವರ್ತನೆಯ ದರವನ್ನು ಹುಡುಕಿ. ಬ್ರಿಟನ್ 2014ರಲ್ಲಿ ಸ್ಟ್ರೀಮಿಂಗನ್ನು ಸೇರಿಸಿದಾಗ 100 ಆಲಿಸುವಿಕೆಗಳು ಒಂದು ಮಾರಾಟಕ್ಕೆ ಸಮವಾಗಿದ್ದವು. 2017ರಲ್ಲಿ ಅದು 150 ಆಯಿತು. ಒಂದು ವಾರದಲ್ಲಿ 15 ಲಕ್ಷ ಬಾರಿ ಆಲಿಸಲ್ಪಟ್ಟ ಹಾಡು ಹಳೆಯ ದರದಲ್ಲಿ 15,000 ಮಾರಾಟಕ್ಕೂ ಹೊಸ ದರದಲ್ಲಿ 10,000ಕ್ಕೂ ಸಮ. ಕೇಳಿದವರು ಅಷ್ಟೇ ಇದ್ದರೂ ನಿಯಮವೊಂದೇ ಹಾಡನ್ನು ಕೆಳಕ್ಕೆ ತಳ್ಳಬಲ್ಲದು.

ಪಟ್ಟಿಯನ್ನು ತಮ್ಮತ್ತ ಎಳೆದುಕೊಳ್ಳುವ ಪ್ರಯತ್ನಗಳನ್ನೂ ಗಮನದಲ್ಲಿಡಬೇಕು. ಹಾಡು ಹಾಕಲು ರೇಡಿಯೊ ನಿರೂಪಕರಿಗೆ ಗುಟ್ಟಾಗಿ ಹಣ ಕೊಡುವ ‘ಪೇಯೋಲಾ’ ಪದ್ಧತಿಯನ್ನು ಅಮೆರಿಕದ ಸಂಸತ್ತು ವಿಚಾರಣೆಗೊಳಪಡಿಸಿ, 1960ರಲ್ಲಿ ಅಪರಾಧವಾಗಿಸಿತು. ಮುಂದೆ ಟಿ-ಶರ್ಟ್ ಅಥವಾ ಸಂಗೀತ ಕಛೇರಿಯ ಟಿಕೆಟ್ ಜೊತೆಗೆ ಆಲ್ಬಂ ಸೇರಿಸಿ ಮಾರುವ ಉಪಾಯ ಬಂತು. 2020ರಲ್ಲಿ ಬಿಲ್‌ಬೋರ್ಡ್ ಅದಕ್ಕೂ ಕಡಿವಾಣ ಹಾಕಿತು. ಹೊಸ ಆಲ್ಬಂ ಬಂದ ವಾರ ಅದರ ಹಾಡುಗಳೆಲ್ಲ ಒಟ್ಟಿಗೆ ಪಟ್ಟಿಗೆ ನುಗ್ಗುವುದನ್ನು ತಡೆಯಲು, ಬ್ರಿಟನ್ 2017ರಲ್ಲಿ ಮುಖ್ಯ ಕಲಾವಿದರೊಬ್ಬರಿಗೆ ಮೂರೇ ಹಾಡುಗಳೆಂಬ ಮಿತಿ ತಂದಿತು. ಇಂಥ ನಿಯಮವೊಂದು ಎದುರಾದಾಗ, ಅದಕ್ಕೂ ಮುಂಚಿನ ತಿಂಗಳುಗಳ ಪಟ್ಟಿಗಳನ್ನು ತೆರೆದು ನೋಡಿ. ಯಾವ ಉಪಾಯವನ್ನು ತಡೆಯಲು ಅದು ಬಂತೆಂಬುದು ಅಲ್ಲೇ ಕಾಣುತ್ತದೆ.

ಬೇರೆ ಬೇರೆ ಕಾಲದ ಸ್ಥಾನಗಳನ್ನು ಹೋಲಿಸುವ ಮುನ್ನ, ಆಯಾ ದಿನಾಂಕದ ನಿಯಮವನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಮರಾಯಾ ಕ್ಯಾರಿಯವರ 1994ರ ಕ್ರಿಸ್‌ಮಸ್ ಗೀತೆ ಅಮೆರಿಕದಲ್ಲಿ ಬಿಡಿಯಾಗಿ ಮಾರಾಟಕ್ಕೆ ಬಾರದ ಕಾರಣ ಆ ವರ್ಷ ‘ಹಾಟ್ 100’ಕ್ಕೆ ಅರ್ಹವೇ ಆಗಿರಲಿಲ್ಲ, ಪ್ರತಿ ಡಿಸೆಂಬರಿನಲ್ಲೂ ಜನ ಅದನ್ನು ಮತ್ತೆ ಮತ್ತೆ ಕೇಳುವುದು ಸ್ಟ್ರೀಮಿಂಗ್ ಮೂಲಕ ಲೆಕ್ಕಕ್ಕೆ ಬರತೊಡಗಿದ ಮೇಲೆ, 2019ರಲ್ಲಿ, ಅದು ಮೊದಲ ಸ್ಥಾನಕ್ಕೇರಿತು.