ಮಡಚುವ ಚಾಕು ಆರಿಸುವಾಗ ನಾನು ಅಲಗನ್ನು ಕೊನೆಗೆ ನೋಡಿದೆ

ಚಾಕು ಕೊಳ್ಳಲು ಹೊರಟವರ ಕಣ್ಣು ಮೊದಲು ಅಲಗಿನ ಮೇಲೇ ಬೀಳುತ್ತದೆ. ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಉಕ್ಕು? ಮಡಚುವ ಚಾಕುವಿನ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು ಅಂತ ನನ್ನ ಅಭಿಪ್ರಾಯ. ದೊಡ್ಡ ಚಾಕುವಿನ ಅಲಗು ಸುಮ್ನೆ ಕತ್ತರಿಸುವ ಕೆಲಸಕ್ಕೆ ಮುರಿಯುವುದಿಲ್ಲ. ಮೊದಲು ಸಡಿಲವಾಗುವುದು ಕೀಲು, ಕೈಕೊಡುವುದು ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿದಿಡುವ ಲಾಕ್, ನೋಯುವುದು ನಮ್ಮ ಅಂಗೈ. ಹಾಗಾಗಿ ಕಾಡು ಗುಡ್ಡ ತಿರುಗಲು ಗಟ್ಟಿಮುಟ್ಟಾದ ಒಂದು ಬೇಕು ಅನಿಸಿದಾಗ ಹಿಡಿಯಿಂದ ಶುರು ಮಾಡಿದೆ. ಅಲಗಿನ ಸರದಿ ಬಂದದ್ದು ಕಡೆಗೆ.

ಗಟ್ಟಿಯೇ ಬೇಕಿದ್ದರೆ ಮಡಚದ ಚಾಕು ತಗೋಬಹುದಲ್ವಾ? ತಗೋಬಹುದು. ಹಿಡಿಯ ತುದಿವರೆಗೂ ಒಂದೇ ಉಕ್ಕು ಓಡಿರುವ ಚಾಕುವಿನ ಮುಂದೆ ಯಾವ ಮಡಚುವ ಚಾಕುವೂ ನಿಲ್ಲುವುದಿಲ್ಲ. ಆದರೆ ನನ್ನ ಕೆಲಸ ಹಗ್ಗ ಕತ್ತರಿಸುವುದು, ಟೆಂಟಿನ ಗೂಟ ಚೂಪು ಮಾಡುವುದು, ಬೆಂಕಿ ಹೊತ್ತಿಸಲು ಕಡ್ಡಿ ಹೆರೆಯುವುದು, ಅಡುಗೆಗೆ ಹೆಚ್ಚಿಕೊಳ್ಳುವುದು. ಸೌದೆ ಸೀಳಲು ಬೇರೆ ಸಣ್ಣ ಕೊಡಲಿ ಇದೆ. ಜೊತೆಗೆ ಬೆನ್ನುಚೀಲದ ಪಟ್ಟಿ ಸೊಂಟಕ್ಕೆ ಬಿಗಿದ ಮೇಲೆ ಅಲ್ಲಿ ಒರೆ ನೇತುಹಾಕಲು ಜಾಗವೇ ಇರುವುದಿಲ್ಲ. ಜೇಬಿನಲ್ಲಿ ಕೂರುವಂಥದ್ದು ಯಾವಾಗಲೂ ಕೈಗೆ ಸಿಗುತ್ತದೆ.

ಹಿಡಿಯ ವಿಷಯಕ್ಕೆ ಬರೋಣ. ಮಡಚಿದಾಗ ಅಲಗು ಪೂರ್ತಿ ಹಿಡಿಯೊಳಗೆ ಅಡಗಬೇಕು, ಹಾಗಾಗಿ ಹಿಡಿ ಅಲಗಿಗಿಂತ ಉದ್ದ ಇರಲೇಬೇಕು. 10 ಸೆಂ.ಮೀ. ಅಲಗು ಅಂದರೆ ಹಿಡಿ ಹೆಚ್ಚೂಕಡಿಮೆ 13 ಸೆಂ.ಮೀ. ದೊಡ್ಡ ಮಡಚುವ ಚಾಕುವಿನ ನಿಜವಾದ ಲಾಭ ನನಗೆ ಕಂಡದ್ದು ಇಲ್ಲೇ. ಅಲಗಿನ ಉದ್ದಕ್ಕಿಂತ ಹಿಡಿಯ ಉದ್ದ ಮುಖ್ಯ. ನಾಲ್ಕೂ ಬೆರಳು ಪೂರ್ತಿ ಮುಚ್ಚಿ, ಹಿಂದೆ ಒಂದಿಷ್ಟು ಉಳಿಯಬೇಕು. ಕೈಗವಸು ಹಾಕಿಕೊಂಡರೂ ಅಷ್ಟೇ ಆರಾಮಾಗಿ ಹಿಡಿಯಲು ಬರಬೇಕು.

ಅಂಗಡಿಯಲ್ಲಿ ಒಂದು ನಿಮಿಷ ಹಿಡಿದು ನೋಡಿದರೆ ಎಲ್ಲ ಚಾಕುವೂ ಚೆನ್ನಾಗಿಯೇ ಇರುತ್ತದೆ. ನಾನು ಗೆಳೆಯರ ಚಾಕುಗಳನ್ನು ಇಸಿದುಕೊಂಡು ಒಣಗಿದ ಗಟ್ಟಿ ಕೋಲೊಂದನ್ನು ಹೆರೆಯುತ್ತಾ ಕೂತೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹಿಡಿಯ ಬಂಡವಾಳ ಬಯಲಾಗುತ್ತದೆ. ಜೇಬಿಗೆ ಸಿಕ್ಕಿಸುವ ಕ್ಲಿಪ್ಪು ಕಿರುಬೆರಳಿನ ಬುಡದಲ್ಲಿ ಒತ್ತಲು ಶುರು ಮಾಡುತ್ತದೆ. ಒಳಗಿನ ಲೋಹದ ತಗಡಿನ ಅಂಚು ಹೊರಗೆ ಇಣುಕಿದ್ದರೆ ತೋರುಬೆರಳಿನ ಮಡಿಕೆ ಕೆಂಪಾಗುತ್ತದೆ. ಬೆರಳಿಗೊಂದೊಂದು ಹಳ್ಳ ತೋಡಿರುವ ಹಿಡಿ ನೋಡಲು ಚಂದ, ಆದರೆ ಆ ಹಳ್ಳಗಳು ಇನ್ಯಾರದೋ ಬೆರಳಿನ ಅಳತೆಗೆ ಇರುತ್ತವೆ. ನನಗೆ ಒಗ್ಗಿದ್ದು ಸಪಾಟಾಗಿ, ಅಂಚುಗಳನ್ನು ಗುಂಡಗೆ ಉಜ್ಜಿದ, ತುಸು ದಪ್ಪ ಹಿಡಿ.

ಯಾವುದರಿಂದ ಮಾಡಿದ್ದು ಅನ್ನುವುದೂ ಮುಖ್ಯ. ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನ ಜೊತೆ ಪದರ ಪದರವಾಗಿ ಒತ್ತಿ ಮಾಡಿದ ಜಿ10ಗೆ ನೀರಿನ ಭಯವಿಲ್ಲ. ಒದ್ದೆ ಕೈಯಲ್ಲೂ ಜಾರುವುದಿಲ್ಲ, ಆದರೆ ತೀರಾ ಒರಟಾಗಿದ್ದರೆ ಪ್ಯಾಂಟಿನ ಜೇಬು ಸವೆಸುತ್ತದೆ. ನುಣುಪಾದ ಲೋಹದ ಹಿಡಿ ಚಳಿಯಲ್ಲಿ ಕೊರೆಯುತ್ತದೆ, ಒದ್ದೆಯಾದರೆ ಜಾರುತ್ತದೆ. ಮರದ ಹಿಡಿ ನನಗೆ ಇಷ್ಟ. ಫ್ರಾನ್ಸಿನ ಒಪಿನೆಲ್ ಚಾಕುಗಳು 1890ರಿಂದ ಹೆಚ್ಚಾಗಿ ಮರದ ಹಿಡಿಯಲ್ಲೇ ಬರುತ್ತಿವೆ, 12ನೇ ನಂಬರಿನದಕ್ಕೆ 12 ಸೆಂ.ಮೀ. ಅಲಗು, ಆದರೂ ಹಗುರ. ಮಳೆಯಲ್ಲಿ ನೆನೆದರೆ ಮರ ಉಬ್ಬಿ ಅಲಗು ಒಳಗೇ ಬಿಗಿದುಕೊಳ್ಳುತ್ತದೆ. ಹಿಡಿಯ ಹಿಂಬದಿಯನ್ನು ಗಟ್ಟಿ ಜಾಗಕ್ಕೆ ಟಪ್ಪಂತ ಕುಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ, ಆಮೇಲೆ ಎಳೆದುಕೊಳ್ಳಬಹುದು. ಬಿಸಿಲುಕಾಲಕ್ಕೆ ಒಳ್ಳೆಯ ಚಾಕು. ನಾನು ತಿರುಗುವುದು ಮಳೆಯಲ್ಲೇ ಜಾಸ್ತಿ.

ಇನ್ನು ಲಾಕ್. ನನ್ನ ಹೆಚ್ಚಿನ ಸಮಯ ಹೋದದ್ದು ಇದರ ಮೇಲೆ. ಲೈನರ್ ಲಾಕಿನಲ್ಲಿ ಹಿಡಿಯೊಳಗಿನ ತೆಳ್ಳಗಿನ ತಗಡೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಇದನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್, 1980ರ ದಶಕದ ಶುರುವಿನಲ್ಲಿ. ಫ್ರೇಮ್ ಲಾಕ್ ಅದರ ದಪ್ಪ ರೂಪ. ಹಿಡಿಯ ಒಂದು ಮಗ್ಗುಲೇ ಲಾಕ್ ಆಗಿರುತ್ತದೆ. ಬಿಗಿಯಾಗಿ ಹಿಡಿದಷ್ಟೂ ಇನ್ನಷ್ಟು ಒತ್ತಿ ಕೂರುತ್ತದೆ. ಬ್ಯಾಕ್ ಲಾಕಿನಲ್ಲಿ ಹಿಡಿಯ ಬೆನ್ನಲ್ಲಿರುವ ಉಕ್ಕಿನ ಸರಳಿನ ಕೊಕ್ಕೆ ಅಲಗಿನ ಬುಡದ ಕಚ್ಚಿಗೆ ಬಿದ್ದು ಕೂರುತ್ತದೆ. 1964ರಲ್ಲಿ ಬಂದ ಅಮೆರಿಕದ ಬಕ್ 110 ಅನ್ನುವ ಚಾಕು ಈ ಬಗೆಯನ್ನು ಮನೆಮಾತಾಗಿಸಿತು. ಹಿತ್ತಾಳೆ ಕೂರಿಸಿದ ಆ ಚಾಕು 200 ಗ್ರಾಂ ಆಸುಪಾಸು ತೂಗುತ್ತದೆ, ಅದಕ್ಕೇ ಸೊಂಟದ ಚರ್ಮದ ಒರೆಯ ಜೊತೆಗೇ ಮಾರುತ್ತಾರೆ. ಇನ್ನೊಬ್ಬ ಚಾಕು ತಯಾರಕ ಆಂಡ್ರ್ಯೂ ಡೆಮ್ಕೊ ರೂಪಿಸಿದ ಟ್ರೈ-ಆಡ್ ಲಾಕ್ ಇದೇ ಬ್ಯಾಕ್ ಲಾಕಿನ ಸುಧಾರಿತ ಬಗೆ. ಅಲಗಿಗೂ ಸರಳಿಗೂ ನಡುವೆ ದಪ್ಪನೆಯ ಒಂದು ಪಿನ್ ಇಟ್ಟು, ಹೊಡೆತದ ಭಾರ ಅದರ ಮೇಲೆ ಬೀಳುವ ಹಾಗೆ ಮಾಡಿದ್ದಾರೆ.

ಹೆಸರು ಯಾವುದೇ ಇರಲಿ, ಕೈಗೆ ಬಂದ ಚಾಕುವನ್ನೇ ಪರೀಕ್ಷೆ ಮಾಡಬೇಕು. ಒಂದೇ ಮಾದರಿಯ ಎರಡು ಚಾಕು ಒಂದೇ ಥರ ಇರುವುದಿಲ್ಲ. ನಾನು ಮಾಡುವುದು ಹೀಗೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದರ ಬೆರಳುಗಳಲ್ಲಿ ಅಲಗಿನ ಬೆನ್ನು ಹಿಡಿದು ಮೊದಲು ಎಡಕ್ಕೆ ಬಲಕ್ಕೆ ಅಲುಗಿಸುತ್ತೇನೆ, ಆಮೇಲೆ ಮೇಲೆ ಕೆಳಗೆ. ಅಕ್ಕಪಕ್ಕದ ಅಲುಗಾಟಕ್ಕೆ ಕೀಲಿನ ಸ್ಕ್ರೂ ಬಿಗಿ ಮಾಡಿದರೆ ಹೆಚ್ಚಿನ ಸಲ ಸಾಕು. ಮೇಲೆ ಕೆಳಗೆ ಕಟಕಟ ಅಂದರೆ ಲಾಕೇ ಸರಿಯಾಗಿ ಕೂತಿಲ್ಲ ಅಂತ ಅರ್ಥ, ಅದಕ್ಕೆ ಸ್ಕ್ರೂ ಮದ್ದಲ್ಲ. ಅಂಥದ್ದನ್ನು ನಾನು ಕೊಳ್ಳುವುದೇ ಇಲ್ಲ.

ಲೈನರ್ ಲಾಕ್, ಫ್ರೇಮ್ ಲಾಕ್ ಆದರೆ ಇನ್ನೊಂದು ಉಪಾಯ ಇದೆ. ಅಲಗಿನ ಬುಡದಲ್ಲಿ ಲಾಕ್ ತಾಗುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯುವುದು. ನಾಲ್ಕೈದು ಸಲ ತೆರೆದು ಮುಚ್ಚಿ, ಬೆಳಕಿಗೆ ಹಿಡಿದು ನೋಡುವುದು. ಎಲ್ಲಿ ಶಾಯಿ ಉಜ್ಜಿಹೋಗಿದೆಯೋ ಲಾಕ್ ತಾಗುತ್ತಿರುವುದು ಅಲ್ಲಿ. ಅಗಲವಾದ ಗೆರೆ ಕಂಡರೆ ನೆಮ್ಮದಿ. ಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕೆ ಕಂಡರೆ ಇಡೀ ಅಲಗಿನ ಭಾರ ಆ ಚುಕ್ಕೆಯ ಮೇಲಿದೆ. ಅಲಗಿನ ಬೆನ್ನನ್ನು ಮೇಜಿಗೆ ರಪರಪ ಹೊಡೆದು ತೋರಿಸುವವರೂ ಇದ್ದಾರೆ. ನನಗದು ಅಷ್ಟಕ್ಕಷ್ಟೇ, ಒಳ್ಳೆಯ ಲಾಕನ್ನೂ ಹಾಳು ಮಾಡುವ ದಾರಿ. ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರ ಇಟ್ಟು, ಮರದ ಮೇಲೆ ಮೆಲ್ಲಗೆ ತಟ್ಟಿ ನೋಡಿದರೆ ಸಾಕು.

ಬ್ಯಾಕ್ ಲಾಕಿಗೂ ಒಂದು ಕೊರತೆ ಇದೆ. ಆ ಕಚ್ಚಿನಲ್ಲಿ ಮಣ್ಣೋ ಮರಳೋ ತುಂಬಿಕೊಂಡರೆ ಕೊಕ್ಕೆ ಪೂರ್ತಿ ಇಳಿಯುವುದಿಲ್ಲ. ತೆರೆದಾಗ ಬರುವ ಟಕ್ ಸದ್ದು ಮಂಕಾದರೆ ಒಂದು ಕಡ್ಡಿಯಿಂದ ಕೆದಕಿ ತೆಗೆಯಬೇಕು. ನಾನು ಕೊನೆಗೆ ಆರಿಸಿದ್ದು ಪಿನ್ ಇರುವ ಬ್ಯಾಕ್ ಲಾಕನ್ನೇ, ಹಾಗಾಗಿ ಈಗ ಕಿವಿಗೆ ಆ ಸದ್ದು ರೂಢಿಯಾಗಿದೆ.

ಅಲಗಿನ ವಿಷಯ ಬೇಗ ಮುಗಿಯಿತು. 10 ಸೆಂ.ಮೀ. ಉದ್ದ, ಬೆನ್ನಿನಲ್ಲಿ 3.5 ಮಿ.ಮೀ. ದಪ್ಪ, ಬಾಯಿಯ ಕಡೆ ತೆಳ್ಳಗೆ ಇಳಿದಿರಬೇಕು. ಗಟ್ಟಿ ಬೇಕು ಅಂತ 5 ಮಿ.ಮೀ. ಅಲಗು ಕೊಂಡರೆ ಅದು ಬೆಣೆಯ ಹಾಗೆ ಕೆಲಸ ಮಾಡುತ್ತದೆ. ದಪ್ಪ ರಟ್ಟು ಕೊಯ್ಯುವಾಗ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಅರ್ಧ ಗರಗಸದ ಹಲ್ಲು ಇರುವುದನ್ನು ಬಿಟ್ಟೆ. ಹಗ್ಗಕ್ಕೇನೋ ಅದು ಒಳ್ಳೆಯದೇ. ಆದರೆ ಆ ಹಲ್ಲುಗಳು ಕೂರುವುದು ಹಿಡಿಯ ಪಕ್ಕದಲ್ಲಿ, ಮರ ಹೆರೆಯಲು ಕೈಬಲ ಸಿಗುವುದೂ ಅದೇ ಜಾಗದಲ್ಲಿ.

ಉಕ್ಕಿನ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. 1095 ಥರದ ಇಂಗಾಲದ ಉಕ್ಕು ಸಾಣೆಗೆ ಸುಲಭ, ತುಕ್ಕಿಗೂ ಅಷ್ಟೇ ಸುಲಭ. ಡಿ2 ಅನ್ನುವ ಉಕ್ಕಿನಲ್ಲಿ ಸುಮಾರು 1.5% ಇಂಗಾಲ, 12% ಕ್ರೋಮಿಯಂ. ಹರಿತ ಬಹಳ ಹೊತ್ತು ನಿಲ್ಲುತ್ತದೆ, ಮೊಂಡಾದ ಮೇಲೆ ಸಣ್ಣ ಕಲ್ಲಿಗೆ ಬಗ್ಗುವುದಿಲ್ಲ. ಕ್ರೋಮಿಯಂನ ದೊಡ್ಡ ಪಾಲು ಇಂಗಾಲದ ಜೊತೆ ಸೇರಿಹೋಗುವುದರಿಂದ ತುಕ್ಕಿನ ಕಲೆಯೂ ಏಳುತ್ತದೆ. ನಾನು ಎಯುಎಸ್-8 ಅನ್ನುವ ಜಪಾನಿನ ತುಕ್ಕು ತಡೆಯುವ ಉಕ್ಕಿಗೆ ತೃಪ್ತನಾದೆ. ಬೇಗ ಮೊಂಡಾಗುತ್ತದೆ, ನಿಜ. ಬಂಡೆ ಮೇಲೆ ಕೂತು ಚಿಕ್ಕ ಸೆರಾಮಿಕ್ ಕಡ್ಡಿಗೆ ಎರಡೂ ಮಗ್ಗುಲು ಒಂದಿಷ್ಟು ಎಳೆದರೆ ಮತ್ತೆ ಹರಿತ. ಹೊರಗಿದ್ದಾಗ ನನಗೆ ಅದೇ ಬೇಕಾಗಿದ್ದು. ಎರಡೂ ಬದಿಗೆ 20 ಡಿಗ್ರಿ ಕೋನ ಇಟ್ಟುಕೊಳ್ಳುತ್ತೇನೆ, ಗಂಟು ಮರಕ್ಕೂ ಬಾಯಿ ಹಾರುವುದಿಲ್ಲ.

ಒಂದು ಮಾತು ಕಾನೂನಿನ ಬಗ್ಗೆ. ಲಾಕ್ ಇರುವ ಚಾಕುವನ್ನು ಕೆಲವು ದೇಶಗಳು ಬೇರೆಯೇ ಆಗಿ ನೋಡುತ್ತವೆ. ಬ್ರಿಟನ್ನಿನಲ್ಲಿ ಸಕಾರಣ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಲು ಅವಕಾಶ ಇರುವುದು ಅಲಗಿನ ಬಾಯಿ 3 ಇಂಚಿಗೆ ಮೀರದ, ಲಾಕ್ ಇಲ್ಲದ ಮಡಚುವ ಚಾಕುವಿಗೆ ಮಾತ್ರ. ಹೋಗುವ ಜಾಗದ ನಿಯಮ ಮೊದಲೇ ನೋಡಿಕೊಳ್ಳಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಬೇಡ, ಚೆಕ್-ಇನ್ ಲಗೇಜಿಗೆ ಹಾಕಿ.

ಚಾಕು ಬಂದ ಮೇಲೆ ಮೊದಲ ಕೆಲಸ ಕೀಲಿನ ಸ್ಕ್ರೂ ನೋಡುವುದು. ಕೆಲಸ ಮಾಡುತ್ತಾ ಅದು ತಾನಾಗಿಯೇ ಸಡಿಲವಾಗುತ್ತದೆ. ಸ್ಕ್ರೂ ಬಿಚ್ಚಿ, ಅದರ ಸುರುಳಿ ಗೀರಿಗೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಅಲಗು ಅಕ್ಕಪಕ್ಕ ಅಲುಗದೆ ಸಲೀಸಾಗಿ ತಿರುಗುವಷ್ಟಕ್ಕೆ ಬಿಗಿ ಮಾಡಿ ಒಂದು ದಿನ ಹಾಗೇ ಬಿಡುತ್ತೇನೆ. ಕೆಂಪು ಬಣ್ಣದ್ದು ಬೇಡ, ಅದನ್ನು ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಕೀಲಿಗೆ ಎಣ್ಣೆಯೂ ಒಂದೇ ಹನಿ. ಜಾಸ್ತಿಯಾದರೆ ಧೂಳು ಹಿಡಿಯುತ್ತದೆ.