ಹಾರುವ ಕಡಲಕ್ಕಿಯ ಚಿತ್ರ ತೆಗೆಯುವ ಕ್ರಮ

ನವೆಂಬರಿನಿಂದ ಮಾರ್ಚಿನವರೆಗೆ ಕಾಸರಗೋಡಿನ ಮಂಜೇಶ್ವರದಿಂದ ನೀಲೇಶ್ವರದ ತನಕದ ಕಡಲತೀರದಲ್ಲಿ ವಲಸೆ ಬಂದ ಕಡಲಕ್ಕಿಗಳೂ (ಗಲ್) ರೀವಗಳೂ (ಟರ್ನ್) ಧಾರಾಳವಾಗಿ ಕಾಣಸಿಗುತ್ತವೆ. ಅವುಗಳ ಚಿತ್ರ ತೆಗೆಯಲೆಂದು ದುಬಾರಿ ಲೆನ್ಸ್ ಹೊತ್ತು ಬರುವ ಹೆಚ್ಚಿನವರು ಸಂಜೆ ಬೇಕಲದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತು, ಕಿತ್ತಳೆ ಬಣ್ಣದ ಆಕಾಶದಲ್ಲಿ ಒಂದಿಷ್ಟು ಕಪ್ಪು ಚುಕ್ಕೆಗಳನ್ನು ಸೆರೆಹಿಡಿದು ಮರಳುತ್ತಾರೆ. ಅವರು ಆರಿಸಿಕೊಂಡ ಹೊತ್ತೇ ತಪ್ಪು.

ಮೊದಲನೆಯದಾಗಿ, ಬೆಳಗ್ಗೆಯೇ ಹೋಗಬೇಕು. ನಮ್ಮ ತೀರದಲ್ಲಿ ಬೆಳಗಿನ ಸೂರ್ಯ ಕಡಲಿಗೆ ಮುಖ ಮಾಡಿದವನ ಬೆನ್ನಿಗಿರುತ್ತಾನೆ. ಚಳಿಗಾಲದಲ್ಲಿ ಆ ಹೊತ್ತಿಗೆ ಗಾಳಿಯೂ ನೆಲದಿಂದ ಕಡಲಿನತ್ತ ಬೀಸುತ್ತಿರುತ್ತದೆ. ಹಕ್ಕಿಗಳು ಏಳುವಾಗಲೂ ಇಳಿಯುವಾಗಲೂ ಗಾಳಿಗೆ ಎದುರಾಗುವುದರಿಂದ, ಬೆಳಗ್ಗೆ ಅವುಗಳ ಮುಖ ನಮ್ಮ ಕಡೆಗಿರುತ್ತದೆ, ವೇಗವೂ ಕಡಿಮೆಯಿರುತ್ತದೆ. ಬಿಸಿಲೇರಿ ಕಡಲಗಾಳಿ ತಿರುಗಿದ ಮೇಲೆ ಸಿಗುವುದು ಬಾಲಗಳ ಚಿತ್ರ ಮಾತ್ರ. ಒಂದು ಹಿಡಿ ಒಣ ಹೊಯ್ಗೆಯನ್ನು ಮೆಲ್ಲನೆ ಸುರಿದು ನೋಡಿದರೆ ಗಾಳಿಯ ದಿಕ್ಕು ತಿಳಿಯುತ್ತದೆ.

ಸ್ಥಳಕ್ಕೆ ಶಿರಿಯ ಅಥವಾ ಚಂದ್ರಗಿರಿ ಹೊಳೆಯ ಅಳಿವೆ ಒಳ್ಳೆಯದು. ಮೀನಿನ ದೋಣಿಗಳು ಮರಳುವ ಹೊತ್ತು ಗೊತ್ತಿದ್ದರೆ ಮಂಜೇಶ್ವರದ ಬಂದರೂ ಆದೀತು.

ಲೆನ್ಸ್ 300ರಿಂದ 400 ಮಿಲಿಮೀಟರಿನದಾದರೆ ಸಾಕು, ಆದರೆ ಕೈಯಲ್ಲಿ ಹಿಡಿದು ಆಡಿಸುವಷ್ಟು ಹಗುರವಾಗಿರಬೇಕು. ಟ್ರೈಪಾಡ್ ಮನೆಯಲ್ಲಿರಲಿ. ಉಪ್ಪುಗಾಳಿಯಿಂದ ರಕ್ಷಣೆ ಎಂದು ಅಂಗಡಿಯವರು ದಾಟಿಸುವ ಅಗ್ಗದ ಯುವಿ ಫಿಲ್ಟರನ್ನೂ, ದೂರವನ್ನು ಇಮ್ಮಡಿ ಹತ್ತಿರ ತರುತ್ತದೆಂಬ ಅಗ್ಗದ ಟೆಲಿಕನ್ವರ್ಟರನ್ನೂ ಕೊಳ್ಳಬೇಡಿ. ಎರಡೂ ಗರಿಯ ಸ್ಪಷ್ಟತೆಯನ್ನು ತಿಂದುಹಾಕುತ್ತವೆ. ಲೆನ್ಸ್ ಹುಡ್ ಒಂದಿದ್ದರೆ ಆಯಿತು.

ಇನ್ನು ಎಲ್ಲರೂ ಎಡವುವ ಹಂತ, ಬೆಳಕಿನ ಅಳತೆ. ಕ್ಯಾಮೆರಾದ ಮೀಟರ್ ತನಗೆ ಕಂಡದ್ದನ್ನೆಲ್ಲ ನಡುಮಟ್ಟದ ಬೂದು ಬಣ್ಣಕ್ಕೆ ತರಲು ಯತ್ನಿಸುತ್ತದೆ. ಬಿಳಿ ಹಕ್ಕಿ ಗಾಢ ನೀಲಿ ನೀರಿನ ಮೇಲೆ ಬರುವಾಗ ಅದು ಬೆಳಕು ಸಾಲದೆಂದು ಭಾವಿಸಿ ರೆಕ್ಕೆಯನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಅದೇ ಹಕ್ಕಿ ಬೆಳ್ಳಗಿನ ಆಕಾಶಕ್ಕೆ ಏರಿದೊಡನೆ ಬೆಳಕನ್ನು ತಗ್ಗಿಸಿ ಹೊಟ್ಟೆಯನ್ನು ಕಪ್ಪಾಗಿಸುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಎರಡೂ ಕಡೆ ಒಂದೇ. ಆದುದರಿಂದ ಅಳತೆಯನ್ನು ನಾವೇ ಇಡುವ ಮ್ಯಾನುವಲ್ ಮೋಡಿನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 400, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಶಟರ್ (ಬೆಳಕು ಒಳಬರುವ ಅವಧಿ) ಸೆಕೆಂಡಿನ 1/1600 ಎಂದು ಆರಂಭಿಸಿ. ಬಿಳಿ ಬೈರಾಸೊಂದನ್ನು (ಟವೆಲ್) ಬಿಸಿಲು ನೇರವಾಗಿ ಬೀಳುವಂತೆ ಹಿಡಿಸಿ, ಚೌಕಟ್ಟು ತುಂಬುವಂತೆ ಚಿತ್ರ ತೆಗೆದು, ಪರದೆಯಲ್ಲಿ ಹೈಲೈಟ್ ಎಚ್ಚರಿಕೆ (ಬೆಳಕು ಅತಿಯಾದ ಭಾಗವನ್ನು ತೋರಿಸುವ ಗುರುತು) ಮಿಟುಕುತ್ತದೆಯೇ ಎಂದು ನೋಡಿ. ಮಿಟುಕಿದರೆ ಶಟರನ್ನು 1/2000, 1/2500 ಎಂದು ಮಿಟುಕು ನಿಲ್ಲುವವರೆಗೆ ಏರಿಸುತ್ತ ಹೋಗಿ. ಮತ್ತೆ ಹಿನ್ನೆಲೆ ನೀರಾದರೂ ನೊರೆಯಾದರೂ ಆಕಾಶವಾದರೂ ಈ ಅಳತೆಯನ್ನು ಮುಟ್ಟಬೇಡಿ. ಬಿಸಿಲೇರಿದಂತೆ, ಮೋಡ ಕವಿದಂತೆ ಇದೇ ಪರೀಕ್ಷೆಯನ್ನು ಪುನಃ ಮಾಡಬೇಕು. ಮ್ಯಾನುವಲ್ ಎಂದುಕೊಂಡು ಆಟೋ ಐಎಸ್‌ಒ ಇಟ್ಟುಕೊಳ್ಳುವ ಸುಲಭೋಪಾಯವೊಂದು ಚಾಲ್ತಿಯಲ್ಲಿದೆ. ಅಲ್ಲಿ ಮೀಟರಿನಂತೆ ಬೆಳಕಿನ ಅಳತೆ ತಾನಾಗಿ ಬದಲಾಗುವುದರಿಂದ ಅದು ಬಿಟ್ಟುಬಂದ ತೊಂದರೆಯನ್ನೇ ಹಿಂಬಾಗಿಲಿನಿಂದ ಕರೆತರುತ್ತದೆ. ಅಳತೆ ಸರಿಯಾಯಿತೇ ಎಂಬುದನ್ನು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿಮಾಡಿ ಇಲ್ಲಿಗೆ ಬರುವ ಕಂದುತಲೆಯ ಕಡಲಕ್ಕಿಯೇ ಹೇಳುತ್ತದೆ. ಚಳಿಗಾಲದಲ್ಲಿ ಅದರ ತಲೆ ಬೆಳ್ಳಗಾಗಿ ಕಿವಿಯ ಬಳಿ ಕಪ್ಪು ಮಚ್ಚೆಯಷ್ಟೇ ಉಳಿದಿರುತ್ತದೆ. ಕಪ್ಪು ರೆಕ್ಕೆತುದಿಯೊಳಗಿನ ಬಿಳಿ ಬೊಟ್ಟೂ ಎದೆಯ ಗರಿಗಳ ಅಂಚೂ ಒಂದೇ ಚಿತ್ರದಲ್ಲಿ ಬಿಡಿಸಿ ಕಂಡರೆ ಅಳತೆ ಸರಿಯಿದೆ.

ಫೋಕಸನ್ನು ನಿರಂತರ ಕ್ರಮಕ್ಕೆ, ಎಂದರೆ ಕ್ಯಾನನ್‌ನಲ್ಲಿ ಸರ್ವೋ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್‌-ಸಿಗೆ ಇಡಬೇಕು. ಹಕ್ಕಿ ದೂರದಲ್ಲಿರುವಾಗಲೇ ಅದನ್ನು ಚೌಕಟ್ಟಿಗೆ ತಂದು, ಪಾದ ಕದಲಿಸದೆ ಸೊಂಟದಿಂದ ಮೇಲೆ ತಿರುಗುತ್ತ ಹಿಂಬಾಲಿಸಿ. ಗುಂಡಿ ಒತ್ತುವಾಗ ತಿರುಗುವುದನ್ನು ನಿಲ್ಲಿಸಬಾರದು. ಕೈ ಪಳಗಲು ನೆಟ್ಟಗೆ ಹಾರುವ ಕಡಲಕ್ಕಿಯೇ ಸಾಕು, ರೀವ ಆಮೇಲಿನದು. ಕೊಕ್ಕನ್ನು ಕೆಳಕ್ಕೆ ಬಾಗಿಸಿ ಹಾರುವ ರೀವ ಮೀನನ್ನು ಕಂಡಾಗ ಕ್ಷಣಕಾಲ ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತದೆ. ಫೋಕಸ್ ಹಿಡಿಯಬೇಕಾದುದು ಆಗಲೇ. ಧುಮುಕತೊಡಗಿದ ಮೇಲೆ ಯಾವ ಕ್ಯಾಮೆರಾಕ್ಕೂ ಕಷ್ಟ.

ಮರಳದಿಣ್ಣೆಯಲ್ಲಿ ವಿಶ್ರಮಿಸುವ ಹಿಂಡನ್ನು ಮಕ್ಕಳನ್ನು ಓಡಿಸಿ ಎಬ್ಬಿಸುವವರಿದ್ದಾರೆ. ಅದು ಹಕ್ಕಿಗೆ ಹಿಂಸೆ, ಚಿತ್ರಕ್ಕೂ ನಷ್ಟ, ಏಕೆಂದರೆ ಬೆದರಿದ ಹಿಂಡು ನಮಗೆ ಬೆನ್ನು ತಿರುಗಿಸಿಯೇ ಹಾರುತ್ತದೆ. ಮಿಕ್ಸ್ಚರ್ ಎರಚಿ ಕರೆಯುವುದೂ ಬೇಡ.

ಮನೆಗೆ ಬಂದ ಮೇಲೆ ಮೊದಲು ಬ್ಲೋವರಿನಿಂದ ಹೊಯ್ಗೆಯ ಕಣಗಳನ್ನು ಊದಿ ತೆಗೆದು, ಅನಂತರವೇ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಕ್ಯಾಮೆರಾದ ಮೈಯನ್ನೂ ಲೆನ್ಸಿನ ಹೊರಕವಚವನ್ನೂ ಒರೆಸಬೇಕು. ಅಂಗಿಯ ತುದಿಯಿಂದ ಗಾಜನ್ನು ಉಜ್ಜಬಾರದು.