ಹಡಗಿನ ಗಂಡಭೇರುಂಡ ಲಾಂಛನ: ತೇಗದಲ್ಲಿ ಕೆತ್ತುವ ಬಗೆ

ನೌಕಾಪಡೆಯ ಐಎನ್‌ಎಸ್ ಮೈಸೂರು ಹಡಗಿನ ಲಾಂಛನದಲ್ಲಿರುವುದು ಒಡೆಯರ ಗಂಡಭೇರುಂಡವೇ. 1957ರಲ್ಲಿ ಸೇವೆಗೆ ಸೇರಿದ ಕ್ರೂಸರ್‌ಗೂ 1999ರ ಡೆಸ್ಟ್ರಾಯರ್‌ಗೂ ಇದೇ ಹೆಸರು. ಅದೇ ಹಕ್ಕಿಯನ್ನು ಹಗ್ಗದ ಅಂಚಿನ ದುಂಡು ಫಲಕದಲ್ಲಿ ಕೆತ್ತುವ ವಿಧಾನ ಇಲ್ಲಿದೆ. ಅಧಿಕೃತ ಲಾಂಛನದ ನೆತ್ತಿಯಲ್ಲಿರುವ ಅಶೋಕ ಸಿಂಹಗಳನ್ನು ಮಾತ್ರ ಬಿಟ್ಟುಬಿಡಿ. ರಾಷ್ಟ್ರಲಾಂಛನದ ಬಳಕೆಗೆ 2005ರ ಕಾಯ್ದೆಯ ನಿರ್ಬಂಧವಿದೆ.

ಮೊದಲು ತೀರ್ಮಾನಿಸಬೇಕಾದ್ದು, ಇದು ಗೋಡೆಗೋ ಹಿತ್ತಾಳೆ ಎರಕಕ್ಕೋ ಎಂಬುದು. ಹಳೆಯ ಮರದ ಲಾಂಛನಗಳಲ್ಲಿ ಹಲವು ಎರಕದ ಮಾದರಿಗಳಾಗಿ, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸಲೆಂದು, ಹುಟ್ಟಿದವು. ಎರಕಕ್ಕಾದರೆ ಹಿತ್ತಾಳೆ ಆರುವಾಗ ಕುಗ್ಗುವುದರಿಂದ ಅಳತೆಯನ್ನು ಸುಮಾರು ಶೇ 1.5ರಷ್ಟು ಹಿಗ್ಗಿಸಿ, 300 ಮಿ.ಮೀ.ಗೆ 305 ಇಟ್ಟುಕೊಳ್ಳಿ. ಕೆತ್ತನೆಯ ಪ್ರತಿ ಬದಿಯೂ ತಳದತ್ತ ಒಂದೆರಡು ಡಿಗ್ರಿ ಹೊರಕ್ಕೆ ವಾಲಿರಲಿ. ಎಲ್ಲಿಯೂ ಅಂಚಿನ ಅಡಿಯಲ್ಲಿ ಒಳಕ್ಕೆ ಕೊರೆಯಬೇಡಿ, ಮಾದರಿ ಎತ್ತುವಾಗ ಮರಳು ಕಿತ್ತುಬರುತ್ತದೆ.

ಮೈಸೂರಿನ ಕುಸುರಿಗೆ ಹೆಸರಾದ ಬೀಟೆ ಈ ಕೆಲಸಕ್ಕೆ ಬೇಡ. ಗಡುಸು, ಕಪ್ಪು, ದುಬಾರಿ. ಅದರ ಮೇಲೆ ಬಣ್ಣ ಬಳಿಯುವುದು ಮರಕ್ಕೇ ಅವಮಾನ. ಚೆನ್ನಾಗಿ ಒಣಗಿದ ತೇಗ ಅಥವಾ ಶಿವನೆ ಸಾಕು. 38 ಮಿ.ಮೀ. ದಪ್ಪ, 110 ಮಿ.ಮೀ. ಅಗಲದ ಮೂರು ಪಟ್ಟಿಗಳನ್ನು, ತುದಿಯಲ್ಲಿ ಕಾಣುವ ಬೆಳವಣಿಗೆಯ ಬಳೆಗಳು ಒಂದರಲ್ಲಿ ಮೇಲ್ಮುಖ, ಪಕ್ಕದ್ದರಲ್ಲಿ ಕೆಳಮುಖ ಬರುವಂತೆ ಜೋಡಿಸಿ, ನೀರು ತಡೆಯುವ ಅಂಟಿನಿಂದ ಕೂಡಿಸಿ. ಒಂದೇ ಅಗಲ ಹಲಗೆ ತಂದರೆ ಬೇಸಿಗೆಯಲ್ಲಿ ಬಟ್ಟಲಿನಂತೆ ಬಾಗುತ್ತದೆ. ಮರದ ಎಳೆ ಮೇಲಿಂದ ಕೆಳಗೆ ಹಾಯಲಿ. ಹಕ್ಕಿಯ ಎರಡು ಕೊರಳೂ ಆಗ ಗಟ್ಟಿ.

ಕೊಕ್ಕು ಮಾತ್ರ ಎಳೆಗೆ ಅಡ್ಡ ಬೀಳುತ್ತದೆ, ಮುರಿಯುವುದೂ ಅದೇ. ಆದ್ದರಿಂದ ಕೊಕ್ಕಿನ ಅಡಿ ಟೊಳ್ಳು ಮಾಡದೆ ತಳಕ್ಕೆ ಅಂಟಿಕೊಂಡಂತೆಯೇ ಬಿಡಿ, ತುದಿಯನ್ನು ಸ್ವಲ್ಪ ಮೊಂಡಾಗಿಡಿ.

ಚೌಕದ ಮೂಲೆಗಳನ್ನು ಈಗಲೇ ಕತ್ತರಿಸಬೇಡಿ, ಕ್ಲ್ಯಾಂಪ್ ಹಿಡಿಯಲು ಬೇಕು. ಕಾರ್ಬನ್ ಕಾಗದದಿಂದ ಚಿತ್ರ ಇಳಿಸಿ. ಡ್ರಿಲ್ ಬಿಟ್‌ಗೆ 13 ಮಿ.ಮೀ. ಎತ್ತರದಲ್ಲಿ ಟೇಪ್ ಸುತ್ತಿ ಖಾಲಿ ಜಾಗದ ತುಂಬ ತೂತು ಕೊರೆಯಿರಿ. ಬಳಿಕ ಅಗಲ ಉಳಿಯಿಂದ ತಳ ಇಳಿಸಿ, ಹಕ್ಕಿಯ ಅಂಚಿನಿಂದ 3 ಮಿ.ಮೀ. ದೂರವಿರಲಿ. ಒಂದೇ ಬದಿ ಕೆತ್ತಿದ ಮರ ಬಾಗಬಹುದು. ಹಾಗಾಗಿ ಇಲ್ಲಿ ಒಂದು ವಾರ ನಿಲ್ಲಿಸಿ, ಬಾಗಿದ್ದರೆ ಹಿಂಬದಿಗೆ ಉಜ್ಜುಗೊರಡು ಹಾಕಿ, ಆಮೇಲೆ ಕೊನೆಯ 1 ಮಿ.ಮೀ. ತೆಗೆಯಿರಿ.

ಎದೆ ಅತ್ಯಂತ ಎತ್ತರ, ತಲೆಗಳು ಅದಕ್ಕಿಂತ 3 ಮಿ.ಮೀ. ಕೆಳಗೆ, ರೆಕ್ಕೆಯ ತುದಿ 8 ಮಿ.ಮೀ. ಕೆಳಗೆ. ಗರಿ ಮೂರು ಸಾಲು ಸಾಕು. ದೂರದಿಂದ ನೋಡುವವರಿಗೆ ಕಾಣುವುದು ನೆರಳು, ಗೆರೆಯಲ್ಲ. ಗರಿಯೊಳಗಿನ ಸಣ್ಣ ಗೀರುಗಳು ಬಣ್ಣದಡಿ ಮುಚ್ಚಿಹೋಗುತ್ತವೆ.

ಈಗ ದುಂಡಗೆ ಕತ್ತರಿಸಿ ಹಗ್ಗಕ್ಕೆ ಬನ್ನಿ. ಹೆಚ್ಚಿನವರು ಕೆಡಿಸುವುದು ಇಲ್ಲಿ. ಹೊರವ್ಯಾಸ 300, ಹಗ್ಗದ ಅಗಲ 18 ಇದ್ದರೆ ನಡುಗೆರೆಯ ಸುತ್ತಳತೆ ಸುಮಾರು 886 ಮಿ.ಮೀ. 48 ಭಾಗ ಮಾಡಿದರೆ ಒಂದಕ್ಕೆ 18.5, ಕೋನಮಾಪಕದಲ್ಲಿ 7.5 ಡಿಗ್ರಿ. ಮೊದಲೇ ಗುರುತು ಹಾಕದೆ ಅಂದಾಜಿನಲ್ಲಿ ಸುತ್ತಿದರೆ ಹಗ್ಗದ ಕೊನೆಯ ಸುತ್ತು ಅರ್ಧವಾಗಿ ನಿಲ್ಲುತ್ತದೆ. ಹಗ್ಗವನ್ನು ನೆಟ್ಟಗೆ ಹಿಡಿದಂತೆ ನೋಡಿದರೆ ಓರೆಗೆರೆಗಳು ಎಡಗೆಳಗಿನಿಂದ ಬಲಮೇಲಕ್ಕೆ ಏರಬೇಕು, ಸಾಮಾನ್ಯ ಹುರಿ ಹಾಗೆಯೇ. ಮೊದಲು ಅಂಚನ್ನು ಅರ್ಧ ದುಂಡಗೆ ಮಾಡಿ, ಆಮೇಲೆ ಓರೆ ಕಡಿಯಿರಿ. ಸುತ್ತ ಹೋಗುತ್ತ ಮರದ ಎಳೆಯ ದಿಕ್ಕು ಬದಲಾಗುತ್ತದೆ. ಉಳಿ ಸಿಕ್ಕಿಕೊಂಡು ಮರ ಸಿಗಿಯತೊಡಗಿದ ಕೂಡಲೇ ಎದುರು ದಿಕ್ಕಿನಿಂದ ಕಡಿಯಿರಿ.

120, 180ರ ಉಪ್ಪುಕಾಗದ, ಪ್ರೈಮರ್, ಎರಡು ತೆಳು ಕೋಟ್ ಎನಾಮೆಲ್. ಹಿತ್ತಾಳೆಪುಡಿಯ ಚಿನ್ನದ ಬಣ್ಣ ಕಾಲಕ್ರಮೇಣ ಕಂದುತ್ತದೆ, ಅಪ್ಪಟ ಚಿನ್ನದ ರೇಕು ಕಂದದು. ಮೈಸೂರು ಚಿತ್ರಕಲೆಯ ಗೆಸ್ಸೋ (ಬಿಳಿಪುಡಿ, ಗೋಂದು ಕಲಸಿದ ಉಬ್ಬು ಲೇಪ) ಮೇಲೆ ರೇಕು ಹಾಕುವ ಆಸೆ ಬರಬಹುದು, ಬೇಡ. ಅದರ ಗೋಂದು ತೇವ ತಡೆಯದು; ಎಣ್ಣೆಯ ಅಂಟೇ ಸರಿ. ಹಿಂಬದಿಗೂ ಮುಂಬದಿಯಷ್ಟೇ ಕೋಟ್ ಬಳಿಯಿರಿ, ಇಲ್ಲವಾದರೆ ಮಳೆಗಾಲದಲ್ಲಿ ಒಂದೇ ಬದಿ ತೇವ ಹೀರುತ್ತದೆ. ತೂಗುಹಾಕುವ ಲೋಹದ ಪಟ್ಟಿಯ ಸ್ಕ್ರೂ ತೂತುಗಳಲ್ಲಿ ನಡುವಿನದು ಮಾತ್ರ ಬಿಗಿಯಿರಲಿ. ಎರಡೂ ತುದಿಯವನ್ನು ಅಡ್ಡಕ್ಕೆ ಉದ್ದವಾಗಿ ಕೊರೆಯಿರಿ, ಮರಕ್ಕೆ ಹಿಗ್ಗಿ ಕುಗ್ಗಲು ಜಾಗ ಬೇಕು.